ಗೋಡೆ ಎದ್ದಿದೆ

ಹೊಸ ಸ್ಟಾಂಪ್ ಪ್ಯಾಡಿನ ಮುಚ್ಚಳ ತೆಗೆದರೆ ಒಂದು ವಾಸನೆ ಬರುತ್ತದೆ. ನೇರಳೆ ಶಾಯಿ, ಸ್ವಲ್ಪ ಸ್ಪಿರಿಟ್ಟು, ಸ್ವಲ್ಪ ಒದ್ದೆ ಬಟ್ಟೆ. ಕಳಸದ ನಾಡಕಚೇರಿ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡು, ಅರ್ಜಿ ಬರೆದುಕೊಟ್ಟು ಬದುಕುವವನಿಗೆ ಅದು ದಿನಾ ಮೂಗಿಗೆ ಬಡಿಯುವ ವಾಸನೆಯೇ. ಆದರೂ ನನಗೆ ಅಭ್ಯಾಸವಾಗಿಲ್ಲ. ಹಳೇ ಪ್ಯಾಡ್ ಒಣಗಿ ಕೊರಡಾದರೂ ಹೊಸದನ್ನು ಬಿಚ್ಚುವುದನ್ನು ನಾಳೆ ನಾಳೆ ಅಂತ ಮುಂದೂಡುತ್ತೇನೆ. "ಒಂದು ಪ್ಯಾಡಿಗೂ ಇಷ್ಟು ಜಿಪುಣತನವಾ?" ಅಂತ ಹೆಂಡತಿ ಸರೋಜ ಬೈಯುತ್ತಾಳೆ. ಜಿಪುಣತನ ಅಲ್ಲ ಮಾರಾಯ್ತಿ, ಹೆದರಿಕೆ.

ಮೊನ್ನೆ ಆಷಾಢದ ಒಂದು ಬೆಳಿಗ್ಗೆ ಗುಲಾಬಕ್ಕ ಅಂಗಡಿಗೆ ಬಂದರು. ಛತ್ರಿ ಮಡಚಿ, ಮೆಟ್ಟಿಲ ಮೇಲೆ ಕಾಲಿನ ಕೆಸರು ತಿಕ್ಕಿ, ಒಳಗೆ ಬಂದು ನಿಂತುಕೊಂಡೇ ಹೇಳಿದರು: "ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕ್ಬೇಕು. ನಂಗೆ ವಯಸ್ಸೆಷ್ಟು, ಹೊಸಗದ್ದೆಯಲ್ಲಿ ಎಷ್ಟು ವರ್ಷ ದುಡ್ದೆ ಅಂತ ಸಾಕ್ಷಿ ಹೇಳೋರು ಬೇಕಂತೆ. ಅದು ಗೊತ್ತಿರೋರು ನೀವೊಬ್ರೇ ಉಳ್ದಿದ್ದೀರಿ." ನಗಲಿಲ್ಲ, ಮುನಿಸನ್ನೂ ತೋರಿಸಲಿಲ್ಲ. ನಾನು ಸ್ಟೂಲ್ ಎಳೆದುಕೊಟ್ಟೆ. ಹಳೇ ಪ್ಯಾಡ್ ಒತ್ತಿ ನೋಡಿದರೆ ಶಾಯಿಯೇ ಇಲ್ಲ. ಬೇರೆ ದಾರಿ ಇಲ್ಲದೆ ಹೊಸದನ್ನು ಬಿಚ್ಚಿದೆ. ಆ ವಾಸನೆ ಮೇಲೆದ್ದ ಕೂಡಲೇ ಹೊರಗಿನ ಮಳೆಯೂ ತೊಂಬತ್ತೈದರ ಮಳೆಯೇ ಅನ್ನಿಸಿಬಿಟ್ಟಿತು.

ಆ ವರ್ಷ ನಾನು ಕಳಸದಿಂದ ಸಂಸೆಗೆ ಹೋಗುವ ದಾರಿಯಲ್ಲಿ ಹೊಸಗದ್ದೆ ಅನ್ನುವ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಎಸ್ಟೇಟಿನ ರೈಟರ್ ಅಂದರೆ ಕತೆ ಬರೆಯುವವನಲ್ಲ. ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ ಅಂತ ಹಾಜರಿ ಬರೆಯುವವನು. ಪ್ರತಿ ಶನಿವಾರ ಲೈನಿನವರು, ಅಂದರೆ ಆಳುಗಳ ಸಾಲುಮನೆಯವರು, ಆಫೀಸಿನ ಜಗಲಿಗೆ ಬಂದು ಸಂಬಳಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದರು. ಇದೆಂತ ಕಾಗದ ಅಂತ ಒಬ್ಬರೂ ಒಂದು ದಿನವೂ ಕೇಳಿದವರಲ್ಲ. ನಾನು ಬೆರಳಿಟ್ಟು ಜಾಗ ತೋರಿಸಿದರೆ ಆಯಿತು, ಒತ್ತಿ, ಬೆರಳನ್ನು ತಲೆಕೂದಲಿಗೆ ಒರೆಸಿಕೊಂಡು ಹೋಗುತ್ತಿದ್ದರು. ಅದು ನಂಬಿಕೆ ಅಂತ ನನಗೆ ಆಗ ಹೊಳೆಯಲೇ ಇಲ್ಲ. ಕೆಲಸ ಬೇಗ ಮುಗಿಯುತ್ತದಲ್ಲ ಅಂತ ಖುಷಿಪಡುತ್ತಿದ್ದೆ.

ಎಲ್ಲೋ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿಯ ಕಾಫಿ ಸುಟ್ಟುಹೋಯಿತಂತೆ. ಅದರ ದೆಸೆಯಿಂದ ನಮ್ಮ ಕಡೆ ಕಾಫಿಗೆ ಎಂಥಾ ರೇಟು! ಕಳಸದ ಪೇಟೆಯಲ್ಲಿ ಹೊಸ ಜೀಪು, ಹೊಸ ಫ್ರಿಜ್ಜು, ಹೊಸ ಮಾತು. ಆ ಹೊಸ ಮಾತುಗಳಲ್ಲಿ ಒಂದು ಷೇರು. ಅದನ್ನು ನಮ್ಮಲ್ಲಿಗೆ ತಂದವರು ವಾಸಣ್ಣ. ಅವರದ್ದು ಕಾಫಿ, ಮೆಣಸಿನ ವ್ಯಾಪಾರ. ಬಸ್ ಸ್ಟಾಂಡ್ ಹಿಂದೆ ದೊಡ್ಡ ಗೋಡೌನು. ನಮ್ಮ ಕಡೆ ಒಂದು ರೂಢಿ ಇದೆ. ಬೆಳೆಗಾರ ಮೂಟೆ ತಂದು ಗೋಡೌನಿನಲ್ಲಿ ಇಳಿಸಿ ಹೋಗುತ್ತಾನೆ, ಆಗ ರೇಟು ಮಾತಾಡುವುದಿಲ್ಲ. ಒಂದು ಚೀಟಿ ಜೇಬಿಗೆ ಹಾಕಿಕೊಂಡು ಹೊರಟರೆ ಮುಗಿಯಿತು. ನಾಲ್ಕು ತಿಂಗಳು ಬಿಟ್ಟು ರೇಟು ಮೇಲೆ ಹೋದ ದಿನ ಬಂದು "ಇವತ್ತಿನ ರೇಟಿಗೆ ಮುರೀರಿ" ಅನ್ನುತ್ತಾನೆ, ಅಂದರೆ ಈ ರೇಟಿಗೆ ಲೆಕ್ಕ ಮಾಡಿ ದುಡ್ಡು ಕೊಡಿ ಅಂತ. ಕಾಫಿ ಅಲ್ಲೇ ಇದೆಯಾ, ಮಾರಿ ಆಯಿತಾ ಅಂತ ಒಳಗೆ ಹೋಗಿ ನೋಡುವುದು ಮರ್ಯಾದೆ ಅಲ್ಲ.

ಷೇರನ್ನೂ ನಾವು ಹಾಗೇ ಮಾಡಿದೆವು. ಸರ್ಟಿಫಿಕೇಟು ವಾಸಣ್ಣನ ಕಪಾಟಿನಲ್ಲಿ. ಅದರ ಜೊತೆಗೆ ಮಾರಾಟದ ಫಾರಮ್ಮು, ಏನೂ ತುಂಬದೆ, ಸಹಿ ಮಾತ್ರ ಹಾಕಿದ್ದು. "ರೇಟ್ ಬಂದ ದಿನ ನಿನ್ನನ್ನ ಎಲ್ಲಿ ಅಂತ ಹುಡುಕ್ಲಿ ಮಾರಾಯ, ಸಹಿ ಹಾಕಿ ಇಡು," ಅಂದರು, ಇಟ್ಟೆ. ಮೊದಲ ಕಂಪನಿಯಲ್ಲಿ ಹಾಕಿದ ದುಡ್ಡು ಆರೇ ತಿಂಗಳಲ್ಲಿ ಇಮ್ಮಡಿಯಾಯಿತು. ಆ ಕಂಪನಿ ಏನು ಮಾಡುತ್ತದೆ ಅಂತ ಈಗ ಕೇಳಿದರೂ ನನಗೆ ಗೊತ್ತಿಲ್ಲ. ನಾನು ಮಾತ್ರ ಬಲು ಜಾಣ ಅಂತ ತಿಳಿದುಕೊಂಡೆ. ಪೇಪರ್ ಮಧ್ಯಾಹ್ನದ ಬಸ್ಸಿಗೆ ಬರುತ್ತಿತ್ತು. ಷೇರಿನ ಪುಟವನ್ನು ಹರಿದು ಜೇಬಿನಲ್ಲಿಟ್ಟುಕೊಂಡು ತೋಟದೊಳಗೆ ತಿರುಗುತ್ತಿದ್ದೆ. ಲೈನಿನವರೆಲ್ಲ ನೋಡುತ್ತಿದ್ದರು. ನೋಡಲಿ ಅಂತಲೇ ನನಗೂ ಇತ್ತು.

ಕೊಯ್ಲು ಮುಗಿಯುವ ಹೊತ್ತಿಗೆ ವಾಸಣ್ಣ ಒಂದು ಹೊಳೆಯುವ ಪುಸ್ತಕ ತಂದು ನನ್ನ ಮುಂದೆ ಇಟ್ಟರು. ಇನ್‌ಸ್ಟಂಟ್ ಕಾಫಿ ಮಾಡಿ ಹೊರದೇಶಕ್ಕೆ ಕಳಿಸುವ ಕಂಪನಿ, ಹೊಸದಾಗಿ ಷೇರು ಬಿಡುತ್ತಿದೆ. ಅದರ ಹೆಸರು ಹೇಳುವುದಿಲ್ಲ, ಈಗ ಅದು ಎಲ್ಲೂ ಇಲ್ಲ. "ಬೇರೆ ಕಂಪನಿ ಆದ್ರೆ ನಮ್ಗೆಂತ ಗೊತ್ತುಂಟು? ಇದು ಕಾಫಿ. ಕಾಫಿ ನಮ್ಗೆ ಗೊತ್ತಿಲ್ಲದ್ದಾ?" ಅಂದರು. ಆ ಮಾತು ನನಗೂ ಹಿಡಿಸಿತು. ಮೂಡಿಗೆರೆ ದಾಟಿ ಬೇಲೂರು ರಸ್ತೆಯಲ್ಲಿ ಫ್ಯಾಕ್ಟರಿ ಏಳುತ್ತಿದೆಯಂತೆ. ಪುಟ ತಿರುಗಿಸಿದೆ. ಮೂರನೇ ಪುಟದಲ್ಲಿ ಕಾಫಿ ಒಣಗಿಸುವ ಕಣದ ದೊಡ್ಡ ಫೋಟೋ, ಕೆಳಗೆ 'ನಮ್ಮ ಘಟಕ' ಅಂತ ಬರೆದಿತ್ತು.

ಆ ಕಣ ನನಗೆ ಗೊತ್ತಿತ್ತು. ಹೊಸಗದ್ದೆಗೆ ಬರುವ ಮೊದಲು ಐದು ವರ್ಷ ನಾನು ಮೂಡಿಗೆರೆ ಹತ್ತಿರದ ಒಂದು ತೋಟದಲ್ಲಿದ್ದೆ, ಇದು ಅಲ್ಲಿಯ ಕಣ. ಮೂಲೆಯಲ್ಲಿ ಸಿಡಿಲು ಬಡಿದು ಸೀಳಿದ ಹಲಸಿನ ಮರ, ಅದರ ಕೊಂಬೆಗೆ ಗಂಟೆ ಹೊಡೆಯಲು ಕಟ್ಟಿದ ರೈಲುಕಂಬಿಯ ತುಂಡು, ನಡುವೆ ನಾನೇ ನಿಂತು ಸಿಮೆಂಟ್ ಮೆತ್ತಿಸಿದ ಬಿರುಕು. "ವಾಸಣ್ಣ, ಇದು ಇವರದ್ದಲ್ಲ, ಬೇರೆಯವರ ಕಣ," ಅಂದೆ. ಅವರು ಕನ್ನಡಕ ಏರಿಸಿ ಫೋಟೋ ನೋಡಿ, ಕನ್ನಡಕ ಇಳಿಸಿ ನನ್ನನ್ನು ನೋಡಿದರು. "ಬಾಡಿಗೆಗೆ ಹಿಡ್ದಿರ್ಬಹುದು. ಫೋಟೋಕ್ಕೆ ಯಾವ ಕಣ ಆದ್ರೆಂತ? ಮದುವೆ ಫೋಟೋದಲ್ಲಿ ಹಿಂದೆ ತಾಜಮಹಲ್ ಇರ್ತದೆ, ಅದೆಂತ ಮದುಮಗನ ಮನೆಯಾ?" ಅಂತ ನಕ್ಕರು. ನಾನೂ ನಕ್ಕೆ. ಆವತ್ತು ನಗಬಾರದಿತ್ತು. ಒಂದು ಕಾರ್ಡು ಬರೆದು ಹಳೇ ಧಣಿಗಳನ್ನು ಕೇಳಿದ್ದರೆ ವಾರದೊಳಗೆ ಉತ್ತರ ಬರುತ್ತಿತ್ತು. ಬರೆಯಲಿಲ್ಲ. ಉತ್ತರ ಬಂದರೆ ಆಸೆ ಬಿಡಬೇಕಾಗುತ್ತದೆ ಅಂತ ಒಳಗೊಳಗೇ ಗೊತ್ತಿತ್ತು ಅಂತ ಕಾಣುತ್ತದೆ.

ಹೊಸ ಷೇರು ಕೇಳಿದವರಿಗೆಲ್ಲ ಸಿಗುವುದಿಲ್ಲ, ಲಾಟರಿ ಎತ್ತಿದ ಹಾಗೆ ಎತ್ತಿ ಕೊಡುತ್ತಾರೆ. ಒಬ್ಬನಿಗೆ ಒಂದೇ ಅರ್ಜಿ. "ಹೆಸರು ಹೆಚ್ಚಿದ್ರೆ ಅದೃಷ್ಟ ಹೆಚ್ಚು. ದುಡ್ಡು ಅರ್ಧ ನಂದು, ಅರ್ಧ ನಿಂದು. ಹೆಸರು... ನಿನ್ನ ಹತ್ರ ಇಡೀ ಲೈನೇ ಉಂಟಲ್ಲ," ಅಂದರು ವಾಸಣ್ಣ. ನಾನು ಬೇಡ ಅನ್ನಲಿಲ್ಲ. ಎರಡು ಶನಿವಾರ, ಸಂಬಳದ ಹೆಬ್ಬೆಟ್ಟಿನ ಜೊತೆಗೆ ಇನ್ನೆರಡು ಹೆಬ್ಬೆಟ್ಟು ಒತ್ತಿಸಿಕೊಂಡೆ: ಒಂದು ಅರ್ಜಿಗೆ, ಒಂದು ಮಾರಾಟದ ಖಾಲಿ ಫಾರಮ್ಮಿಗೆ. ಹೆಬ್ಬೆಟ್ಟಿಗೆ ನೋಟರಿಯ ಸೀಲು ಬೇಕು ಅಂತ ಫಾರಮ್ಮಿನಲ್ಲೇ ಇತ್ತು. ವಾಸಣ್ಣ ತಗೊಂಡು ಹೋಗಿ ಸೀಲು ಹಾಕಿಸಿಕೊಂಡು ಬಂದರು. ಯಾರ ಸೀಲು, ಎಲ್ಲಿಯದು ಅಂತ ಕೇಳಲಿಲ್ಲ. ಆಳುಗಳಲ್ಲಿ ಒಬ್ಬರೇ ಒಬ್ಬರು ಒಂದು ಮಾತು ಆಡಿದರು, ಗುಲಾಬಕ್ಕ: "ಈ ವಾರ ಬೆರಳಿಗೆ ಕೆಲಸ ಜಾಸ್ತಿ ಅಲ್ದಾ ರೈಟ್ರೇ?" ಎಲ್ಲರೂ ನಕ್ಕರು. ಪ್ಯಾಡಿನ ವಾಸನೆ ಮಾತ್ರ ಆ ಎರಡು ವಾರ ನನ್ನ ಕೈಯಿಂದ ಹೋಗಲಿಲ್ಲ, ಊಟದ ಅನ್ನದಲ್ಲೂ ಅದೇ.

ಗುಲಾಬಕ್ಕನ ವಿಷಯ ಹೇಳಬೇಕು. ಆಗ ಅವರಿಗೆ ಐವತ್ತರ ಹತ್ತಿರ. ನಾನು ಆಗ ಅವರನ್ನು ನೀನು ಅಂತಲೇ ಮಾತಾಡಿಸುತ್ತಿದ್ದೆ, ಈಗ ಬಾಯಿ ಬರುವುದಿಲ್ಲ. ಗಂಡ ದೇಜಪ್ಪ ಎರಡು ವರ್ಷ ಹಿಂದೆ ಮರಗಸಿ ಮಾಡುವಾಗ, ಅಂದರೆ ಕಾಫಿಗೆ ಬಿಸಿಲು ಬೀಳಲಿ ಅಂತ ನೆರಳುಮರದ ಕೊಂಬೆ ಕಡಿಯುವಾಗ, ಸಿಲ್ವರ್ ಮರದಿಂದ ಬಿದ್ದು ತೀರಿಕೊಂಡಿದ್ದ. ಅದಕ್ಕೆ ಬಂದ ಪರಿಹಾರದ ದುಡ್ಡು ಪೋಸ್ಟಾಫೀಸಿನಲ್ಲಿತ್ತು. ಮಗಳು ಶೋಭಾ ಕಳಸದಲ್ಲಿ ಹೊಲಿಗೆ ಕಲಿಯುತ್ತಿದ್ದಳು, ತೋಟದ ಕೆಲಸ ಅವಳಿಗೆ ಬೇಡ. ಲೈನಿನ ಮನೆ ಅಂದರೆ, ಮನೆಯಲ್ಲಿ ಒಬ್ಬರಾದರೂ ತೋಟದ ಆಳು ಇರುವ ತನಕ ಮಾತ್ರ. ಗುಲಾಬಕ್ಕನ ಕೈಕಾಲು ಸೋತ ದಿನ ಇಬ್ಬರೂ ಬೀದಿಗೆ. ಅದಕ್ಕೇ ಸಂಸೆಯಲ್ಲಿ ರಸ್ತೆ ಪಕ್ಕ ಐದು ಸೆಂಟ್ಸ್ ಜಾಗ ನೋಡಿಟ್ಟಿದ್ದರು. ಜಾಗದವನು ದೀಪಾವಳಿ ತನಕ ಕಾಯುತ್ತೇನೆ ಅಂದಿದ್ದ. ಅವನು ಹೇಳಿದ ಬೆಲೆಗೆ ಪೋಸ್ಟಾಫೀಸಿನ ದುಡ್ಡು ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ ಆಗುತ್ತಿತ್ತು.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಆ ವರ್ಷದ್ದು ಒಳ್ಳೆ ಮಳೆಯಲ್ಲ. ಗುಡುಗು ಇಲ್ಲ, ಗಾಳಿ ಇಲ್ಲ, ಬೆಳಕೂ ಇಲ್ಲ. ಸುಮ್ಮನೆ ಬೀಳುತ್ತಲೇ ಇತ್ತು. ಗಿಡದಲ್ಲಿ ಎಳೆಕಾಯಿ ಕಪ್ಪಾಗಿ ಉದುರುತ್ತಿತ್ತು. ಫೋನು ಸತ್ತು ಹದಿನೈದು ದಿನವಾಗಿತ್ತು. ಎಸ್ಟೇಟಿಗೆ ಬರುವ ಕಾಗದವೆಲ್ಲ ಟಪ್ಪಾಲು ಚೀಲದಲ್ಲಿ ಆಫೀಸಿಗೇ ಬರುತ್ತಿತ್ತು, ಹಾಗಾಗಿ ಆಳುಗಳ ಹೆಸರಿಗೆ ಬಂದ ಷೇರಿನ ಲಕೋಟೆಗಳೆಲ್ಲ ನನ್ನ ಕೈಗೇ ಸಿಗುತ್ತಿದ್ದವು, ನಾನು ಅವನ್ನು ವಾಸಣ್ಣನ ಕಪಾಟಿಗೆ ಮುಟ್ಟಿಸುತ್ತಿದ್ದೆ. ಆದರೆ ಟಪ್ಪಾಲಿನವನು ಜ್ವರ ಅಂತ ಮಲಗಿದ ಒಂದು ದಿನ ಪೋಸ್ಟ್‌ಮ್ಯಾನ್ ನೇರ ಲೈನಿಗೇ ಹೋದ. ಸಂಜೆ ಗುಲಾಬಕ್ಕ ಮಳೆಗೆ ತಲೆ, ಬೆನ್ನು ಮುಚ್ಚುವ ಗೊರಬಿನ ಅಡಿಯಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಲಕೋಟೆ ಹಿಡಿದುಕೊಂಡು ಆಫೀಸಿಗೆ ಬಂದರು. ಮುಖವೆಲ್ಲ ನಗು.

"ನಂಗೆ ಕಾಗದ ಬಂದುಂಟು ರೈಟ್ರೇ! ಜೀವಮಾನದಲ್ಲಿ ಮೊದಲ ಸಲ. ಎಂತ ಬರ್ದಿದೆ?"

ಒಡೆದು ನೋಡಿದೆ. ಅವರ ಹೆಸರಿನ ಸರ್ಟಿಫಿಕೇಟು, ನೂರು ಷೇರು. "ಎಸ್ಟೇಟ್ ಲೆಕ್ಕದ್ದು. ಹೆಸರು ಸುಮ್ನೆ ನಿಂದು ಹಾಕಿದ್ದು. ಇಲ್ಲೇ ಇರ್ಲಿ," ಅಂದೆ.

ಕಾಗದದ ಮೇಲ್ಗಡೆ ಕಾಫಿ ಹಣ್ಣಿನ ಚಿತ್ರ ಇತ್ತು. ಅದನ್ನು ಬೆರಳಲ್ಲಿ ಮುಟ್ಟಿದರು. "ನೀವು ದುಡ್ಡು ಹಾಕಿರೋ ಕಾಫಿ ಕಂಪನಿ ಇದೇಯಾ?"

"ಹೌದು."

"ದುಡ್ಡು ಹೆಚ್ತದಾ?"

"ಹೆಚ್ತಾ ಇದೆ," ಅಂದೆ. ಅದು ನಿಜವೇ. ಆ ವಾರ ಪೇಪರಿನಲ್ಲಿ ರೇಟು ಎರಡೂವರೆ ಪಟ್ಟು ತೋರಿಸುತ್ತಿತ್ತು.

ಜುಲೈ ಕೊನೆಯ ಶನಿವಾರ ಹೆಬ್ಬೆಟ್ಟು ಒತ್ತಿದ ಮೇಲೂ ಗುಲಾಬಕ್ಕ ಹೋಗದೆ ಕಂಬಕ್ಕೆ ಒರಗಿ ನಿಂತರು. ಎಲ್ಲರೂ ಹೋದ ಮೇಲೆ ಹತ್ತಿರ ಬಂದು, "ದೇಜುವಿನ ದುಡ್ಡನ್ನ ಅದಕ್ಕೆ ಹಾಕಿದ್ರೆ ದೀಪಾವಳಿಗೆ ಜಾಗದಷ್ಟು ಆಗ್ತದಾ ರೈಟ್ರೇ? ನೀವು ಹೇಳಿದ್ರೆ ಹಾಕ್ತೇನೆ. ಬೇಡ ಅಂದ್ರೆ ಬಿಡ್ತೇನೆ," ಅಂದರು. ಸತ್ತ ಗಂಡನ ದುಡ್ಡು, ಮೂರು ತಿಂಗಳೊಳಗೆ ಬೇಕಾದ ದುಡ್ಡು, ಇದ್ದದ್ದೇ ಅದೊಂದು. ಅಂಥಾ ದುಡ್ಡನ್ನು ಯಾವ ಕಂಪನಿಯಲ್ಲೂ ಹಾಕಬಾರದು, ಒಳ್ಳೇ ಕಂಪನಿಯಲ್ಲೂ. ಈಗ ಯಾರು ಕೇಳಿದರೂ ಹೇಳುತ್ತೇನೆ. ಆವತ್ತು ಹೇಳಿದ್ದು, "ನಾನೇ ಹೋಗಿ ಫ್ಯಾಕ್ಟರಿ ನೋಡ್ಕೊಂಡು ಬರ್ತೇನೆ. ಬಂದು ಹೇಳ್ತೇನೆ." ಯಾಕೆ ಹಾಗೆ ಅಂದೆನೋ. ಆ ಕಣದ ಫೋಟೋ ಇನ್ನೂ ಒಳಗೆ ಕೊರೆಯುತ್ತಿತ್ತು.

ಸೋಮವಾರ ಹೊರಟೆ. ಕೊಟ್ಟಿಗೆಹಾರಕ್ಕೆ ಮೊದಲು ಧರೆ ಕುಸಿದು ಬಸ್ಸು ಎರಡು ಗಂಟೆ ನಿಂತಿತು. ಕೆಂಪು ಮಣ್ಣಿನ ಜೊತೆ ಒಂದು ಇಡೀ ಮರ ಬೇರುಸಮೇತ ನಿಂತ ಹಾಗೇ ಜಾರಿ ರಸ್ತೆ ಮಧ್ಯಕ್ಕೆ ಬಂದಿತ್ತು, ಅದರ ಒಂದು ಎಲೆಯೂ ಬಾಡಿರಲಿಲ್ಲ. ಕಂಡಕ್ಟರ್ ಅದನ್ನು ನೋಡಿ, "ಪಾಪ, ಅದಕ್ಕಿನ್ನೂ ಬಿದ್ದದ್ದು ಗೊತ್ತಾಗ್ಲಿಲ್ಲ," ಅಂದ. ಬಸ್ಸಿನಲ್ಲಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಮೂಡಿಗೆರೆಯಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ, ಪುಸ್ತಕದಲ್ಲಿದ್ದ ವಿಳಾಸ ಕೇಳಿಕೊಂಡು ಹೋದೆ.

ರಸ್ತೆ ಪಕ್ಕ ದೊಡ್ಡ ಬೋರ್ಡು, ಅದರ ಹಿಂದೆ ಉದ್ದಕ್ಕೆ ಕಾಂಪೌಂಡ್ ಗೋಡೆ. ಗೇಟಿನೊಳಗೆ ಸೊಂಟದ ತನಕ ಕಳೆ. ಒಂದು ಶಂಕುಸ್ಥಾಪನೆ ಕಲ್ಲು, ಅದರ ಮೇಲೆ ಒಣಗಿದ ಹಾರ ಕಪ್ಪಾಗಿ ಅಂಟಿಕೊಂಡಿತ್ತು. ತಗಡಿನ ಶೆಡ್ಡಿನಲ್ಲಿ ಒಬ್ಬ ಮುದಿ ವಾಚ್‌ಮ್ಯಾನ್ ಬೆಂಕಿ ಕಾಯಿಸಿಕೊಳ್ಳುತ್ತಾ ಕೂತಿದ್ದ. ಬೇರೆ ಏನೂ ಇಲ್ಲ. ಯಂತ್ರ ಇಲ್ಲ, ಕಟ್ಟಡ ಇಲ್ಲ, ಕಾಫಿಯ ಒಂದು ಗಿಡವೂ ಇಲ್ಲ. ನಾನು ಗೋಡೆಯ ಸುತ್ತ ಒಂದು ಸುತ್ತು ಬಂದೆ. ಹಿಂದುಗಡೆ ಗೋಡೆಯೂ ಇರಲಿಲ್ಲ. ರಸ್ತೆಗೆ ಕಾಣುವಷ್ಟು ಮಾತ್ರ ಕಟ್ಟಿದ್ದರು.

"ಕೆಲಸ ಯಾವಾಗ ಶುರು?" ಕೇಳಿದೆ.

"ಯಾರಿಗ್ ಗೊತ್ತು ಸಾರ್. ಕಾರಲ್ಲಿ ಬರ್ತಾರೆ, ಫೋಟೋ ತೆಗೆಸ್ಕೊತಾರೆ, ಹೋಗ್ತಾರೆ. ಸಂಬಳ ಕೊಡಿ ಅಂದ್ರೆ ಇದನ್ನ ಕೊಟ್ರು." ಬಿಸ್ಕತ್ತಿನ ಡಬ್ಬಿ ತೆಗೆದು ಒಳಗಿಂದ ಒಂದು ಕಾಗದ ಕೊಟ್ಟ. ಅದೇ ಕಾಫಿ ಹಣ್ಣಿನ ಚಿತ್ರ, ಅದೇ ಸರ್ಟಿಫಿಕೇಟು. "ಓದಿದೋರ ಹಾಗೆ ಕಾಣ್ತೀರಿ. ಇದನ್ನ ಎಲ್ಲಿ ಕೊಟ್ರೆ ದುಡ್ಡು ಕೊಡ್ತಾರೆ ಸಾರ್?"

ನನಗೆ ಗೊತ್ತಿಲ್ಲ ಅಂದೆ.

ಮರುದಿನ ಬೆಳಿಗ್ಗೆ ನೇರ ವಾಸಣ್ಣನ ಗೋಡೌನಿಗೆ ಹೋಗಿ ಕಂಡದ್ದನ್ನೆಲ್ಲ ಹೇಳಿದೆ. ಅವರು ಮೆಣಸಿನ ರಾಶಿಗೆ ಕೈ ಹಾಕಿ, ಒಂದು ಹಿಡಿ ತೆಗೆದು, ಊದಿ ನೋಡುತ್ತಾ ಕೇಳಿಸಿಕೊಂಡರು. ಗಾಬರಿಯಾಗಲಿಲ್ಲ. ನನಗೆ ಆಗ ಅರ್ಥವಾಯಿತು, ಅವರಿಗೆ ಮೊದಲೇ ಗೊತ್ತಿತ್ತು. "ನಂದು ಹೋದ ತಿಂಗಳೇ ಖಾಲಿ ಮಾಡಿದೆ," ಅಂದರು. "ನಿಂದು ನಾಲ್ಕು ಸರ್ಟಿಫಿಕೇಟ್ ಉಂಟು. ಪೇಪರಲ್ಲಿ ರೇಟ್ ಉಂಟು, ಆದ್ರೆ ಮಂಗಳೂರಲ್ಲಿ ತಗೊಳ್ಳೋರಿಲ್ಲ. ಒಬ್ಳು ಗಿರಾಕಿ ಇದ್ದಾಳೆ ಅಂತ ಕೇಳಿದೆ. ನಿಮ್ಮ ಲೈನಿನವಳು."

"ಅದಾಗ್ಲಿಕ್ಕಿಲ್ಲ ವಾಸಣ್ಣ."

"ಯಾಕೆ? ಇವತ್ತಿನ ರೇಟಿಗೇ ಕೊಡು, ಹೆಚ್ಚು ತಗೋಬೇಡ. ಅನ್ಯಾಯ ಎಲ್ಲಿ ಬಂತು? ಒಂದು ಸರ್ಟಿಫಿಕೇಟಂತೂ ಅವಳ ಹೆಸರಲ್ಲೇ ಉಂಟು, ವರ್ಗ ಮಾಡೋ ತೊಂದ್ರೆನೂ ಇಲ್ಲ. ಉಳಿದದ್ದಕ್ಕೆ ಹೆಬ್ಬೆಟ್ಟಿನ ಫಾರಮ್ಮು ಉಂಟಲ್ಲ." ಕಪಾಟಿನಿಂದ ನಾಲ್ಕನ್ನೂ ತೆಗೆದು ನನ್ನ ಕೈಗೆ ಕೊಟ್ಟರು. ಎಲ್ಲಕ್ಕಿಂತ ಮೇಲೆ ಗುಲಾಬಕ್ಕನದ್ದೇ ಇತ್ತು. ಬಿಸಾಕಿ ಎದ್ದು ಬರಬೇಕಿತ್ತು. ನಾಲ್ಕನ್ನೂ ಅಂಗಿಯೊಳಗೆ ಇಟ್ಟುಕೊಂಡು, ಒದ್ದೆಯಾಗದ ಹಾಗೆ ಛತ್ರಿ ಬಗ್ಗಿಸಿ ಹಿಡಿದುಕೊಂಡು ಬಂದೆ. ಥೂ, ಆ ಛತ್ರಿ ಹಿಡಿದ ಜಾಗ್ರತೆ ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನಾಲ್ಕು ದಿನ ಗುಲಾಬಕ್ಕನ ಕಣ್ಣು ತಪ್ಪಿಸಿ ತಿರುಗಿದೆ. ತೋಟದಲ್ಲಿ ಅವರು ಕೆಲಸಕ್ಕಿದ್ದ ಬ್ಲಾಕಿಗೆ ಹೋಗಲಿಲ್ಲ. ನನ್ನ ಹತ್ತು ವರ್ಷದ ಉಳಿತಾಯ ಆ ನಾಲ್ಕು ಕಾಗದದಲ್ಲಿತ್ತು, ಅದು ಸುಳ್ಳಲ್ಲ. ಸರೋಜಳಿಗೂ ಹೇಳಿರಲಿಲ್ಲ. ಶನಿವಾರ ಬಂದೇ ಬಂತು. ಎಲ್ಲರೂ ಹೋದ ಮೇಲೆ ಗುಲಾಬಕ್ಕ ಸೊಂಟದಿಂದ ಪ್ಲಾಸ್ಟಿಕ್ ಕಟ್ಟು ಬಿಚ್ಚಿ ಮೇಜಿನ ಮೇಲಿಟ್ಟರು. ಪೋಸ್ಟಾಫೀಸಿನಿಂದ ಆಗಲೇ ತೆಗೆಸಿಕೊಂಡು ಬಂದಿದ್ದರು.

"ನೋಡಿ ಬಂದ್ರಂತಲ್ಲ ರೈಟ್ರೇ. ಹೇಗುಂಟು?"

ಒಂದೇ ಒಂದು ಮಾತು ಸಾಕಿತ್ತು, ಬೇಡ ಅಂತ. ನಾನು ಮಳೆಯ ಕಡೆ ನೋಡುತ್ತಾ, "ಗೋಡೆ ಎದ್ದಿದೆ," ಅಂದೆ.

"ಗೋಡೆ ಎದ್ದ ಮೇಲೆ ಇನ್ನೆಂತ," ಅಂದರು ಗುಲಾಬಕ್ಕ. ಮನೆ ಕಟ್ಟಬೇಕು ಅಂತ ಇದ್ದವರಿಗೆ ಗೋಡೆ ಅಂದರೆ ಮುಕ್ಕಾಲು ಮನೆ. ದುಡ್ಡಿನ ಕಟ್ಟನ್ನು ನನ್ನ ಕಡೆ ಸರಿಸಿದರು. ನಾಲ್ಕು ಸರ್ಟಿಫಿಕೇಟು ಕೊಟ್ಟೆ. ಅದನ್ನು ಕಣ್ಣಿಗೆ ಒತ್ತಿಕೊಂಡು, ಅದೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಗೊರಬು ಹಾಕಿಕೊಂಡು ಲೈನಿನ ಕಡೆ ಇಳಿದು ಹೋದರು. ಸುಳ್ಳು ಹೇಳಿಲ್ಲವಲ್ಲ ಅಂತ ಸಂಜೆ ತನಕ ನನಗೆ ನಾನೇ ಹೇಳಿಕೊಂಡೆ. ಗೋಡೆ ಎದ್ದದ್ದು ಹೌದಲ್ಲ. ಒಂದು ಕಡೆ ಮಾತ್ರ.

ಸೆಪ್ಟೆಂಬರಿನಲ್ಲಿ ರೇಟು ಅರ್ಧಕ್ಕೆ ಬಂತು. ದೀಪಾವಳಿಗೆ ಮೊದಲೇ ಪೇಪರಿನಿಂದ ಆ ಕಂಪನಿಯ ಹೆಸರೇ ಹೋಯಿತು. ವಾಸಣ್ಣ ಷೇರಿನ ಬೋರ್ಡು ಇಳಿಸಿ ಮೆಣಸಿಗೇ ವಾಪಸಾದರು. ಗುಲಾಬಕ್ಕ ಕಂಗಾಲಾಗಲಿಲ್ಲ. ಕಾಫಿ ರೇಟು ಬಿದ್ದರೂ ಹಾಗೇ ಅಲ್ಲವಾ, ಇಟ್ಟುಕೊಂಡರೆ ಮತ್ತೆ ಬರುತ್ತದೆ ಅಂತ ಕಾದರು. ಇಟ್ಟ ಕಾಫಿಯಾದರೆ ಗೋಡೌನಿನಲ್ಲಿ ಇರುತ್ತದೆ. ಇಲ್ಲಿ ಇಟ್ಟದ್ದು ಎಂತ ಅಂತ ಅವರಿಗೆ ನಾನು ಹೇಳಲಿಲ್ಲ. ಜಾಗದವನು ದೀಪಾವಳಿ ಕಳೆದು ಎರಡು ದಿನ ಕಾದು ಬೇರೆಯವರಿಗೆ ಕೊಟ್ಟ. ಅಲ್ಲಿ ಈಗ ಟೈರ್ ಪಂಕ್ಚರ್ ಅಂಗಡಿ ಇದೆ.

ಆ ವಾರ ಗುಲಾಬಕ್ಕ ಮನೆಗೆ ಬಂದರು. ಬೈಯಲಿಕ್ಕೆ ಬಂದರು ಅಂತ ನಾನು ಒಳಗೆ ಹೋಗಿ ನಿಂತೆ. ಬಾಗಿಲಲ್ಲಿ ಸರೋಜಳ ಕೈಗೆ ಒಂದು ಸಿಹಿಗುಂಬಳ ಕೊಟ್ಟು, "ಪಾಪ, ರೈಟ್ರದ್ದೂ ಹೋಯ್ತಲ್ಲ. ಬೇಜಾರು ಮಾಡ್ಕೋಬೇಡಿ ಅಂತ ಹೇಳಿ," ಅಂದರು. ಸರೋಜ ಒಳಗೆ ಬಂದು "ನಿಮ್ಮದೆಷ್ಟು ಹೋಯ್ತು?" ಅಂತ ಕೇಳಿದಾಗ ಎಲ್ಲ ಹೇಳಿಬಿಟ್ಟೆ. ಅವಳು ಆ ಕುಂಬಳಕಾಯಿಯನ್ನು ಹೆಚ್ಚಲೇ ಇಲ್ಲ. ಮೂಲೆಯಲ್ಲಿ ಕೊಳೆಯುವ ತನಕ ಇಟ್ಟಳು, ನಾನು ನೋಡಲಿ ಅಂತ. ಆದರೂ ನಾನು ಹೋಗಿ ಗುಲಾಬಕ್ಕನ ಎದುರು ನಿಂತು ನಿಜ ಹೇಳಲಿಲ್ಲ. ಆರು ವರ್ಷ ಹೇಳಲಿಲ್ಲ.

ಆಮೇಲೆ ಅವರ ಮಂಡಿ ಸೋತಿತು, ಲೈನಿನ ಮನೆ ಬಿಡಬೇಕಾಯಿತು. ಪೆಟ್ಟಿಗೆ ಖಾಲಿ ಮಾಡುವಾಗ ಆ ಪ್ಲಾಸ್ಟಿಕ್ ಕಟ್ಟು ಶೋಭಾಳ ಕೈಗೆ ಸಿಕ್ಕಿತು. ಹೊಲಿಗೆಯವಳು, ಅಳತೆಯಲ್ಲಿ ತಪ್ಪುವವಳಲ್ಲ. ನಾಲ್ಕನ್ನೂ ಓದಿದಳು. ಮೇಲಿನದ್ದನ್ನು ತಗೊಂಡು ನನ್ನ ಹತ್ತಿರ ಬಂದು, ಎದುರು ಹಿಡಿದು, ಒಂದೇ ಪ್ರಶ್ನೆ ಕೇಳಿದಳು: "ಇದು ಜೂನ್ ತಿಂಗಳಲ್ಲೇ ಅಮ್ಮನ ಹೆಸರಲ್ಲಿತ್ತು. ಅಮ್ಮ ನಿಮಗೆ ದುಡ್ಡು ಕೊಟ್ಟದ್ದು ಆಗಸ್ಟಿನಲ್ಲಿ. ಅವರದ್ದನ್ನ ಅವರಿಗೇ ಮಾರಿದ್ರಾ?"

ಆಮೇಲಿನ ಎರಡು ವರ್ಷದಲ್ಲಿ, ಕಂತು ಕಂತಾಗಿ, ಗುಲಾಬಕ್ಕ ಕೊಟ್ಟ ದುಡ್ಡಷ್ಟನ್ನೂ ಶೋಭಾಳ ಕೈಯಲ್ಲಿ ಕೊಟ್ಟು ಮುಗಿಸಿದೆ. ಅಷ್ಟರಲ್ಲಿ ಸಂಸೆಯಲ್ಲಿ ಆ ದುಡ್ಡಿಗೆ ಒಂದು ಸೆಂಟ್ಸೂ ಬರುತ್ತಿರಲಿಲ್ಲ. ಅಮ್ಮ, ಮಗಳು ಈಗಲೂ ಬಾಡಿಗೆ ಕೋಣೆಯಲ್ಲಿದ್ದಾರೆ. ರೈಟರ್ ಕೆಲಸ ನಾನೇ ಬಿಟ್ಟೆ ಅಂತ ಎಲ್ಲರಿಗೂ ಹೇಳುತ್ತೇನೆ, ಧಣಿಗಳು ಹೇಳುವುದು ಬೇರೆ.

ಷೇರು ನಾನು ಈಗಲೂ ತಗೊಳ್ಳುತ್ತೇನೆ, ಸ್ವಲ್ಪ. ನನ್ನ ಹೆಸರಲ್ಲಿ, ನನ್ನ ಸಹಿಯಲ್ಲಿ, ಹೋದರೆ ಊಟಕ್ಕೆ ಕಡಿಮೆಯಾಗದಷ್ಟು. ಈಗೆಲ್ಲ ಕಂಪ್ಯೂಟರಿನಲ್ಲಿ ಬಂತು, ಕಾಗದವೇ ಇಲ್ಲ. ಹೊಸದಾಗಿ ಶುರು ಮಾಡಿದವರು ಅಂಗಡಿಗೆ ಬಂದು ಯಾವುದು ಏರುತ್ತದೆ ಅಂತ ಕೇಳುತ್ತಾರೆ. ನನಗೆ ಗೊತ್ತಿಲ್ಲ ಮಾರಾಯ ಅನ್ನುತ್ತೇನೆ. ಗೋಡೆಯ ಹಿಂದಕ್ಕೆ ಹೋಗಿ ನೋಡಿಕೊಂಡು ಬಾ, ನೋಡಿದ್ದನ್ನು ಪೂರ್ತಿ ಹೇಳುವವನ ಹತ್ತಿರ ಮಾತ್ರ ಕೇಳು ಅನ್ನುತ್ತೇನೆ. ಅವರಿಗೆ ಅರ್ಥವಾಗುವುದಿಲ್ಲ. ಮುದುಕನಿಗೆ ತಲೆ ಸರಿ ಇಲ್ಲ ಅಂತ ಹೋಗುತ್ತಾರೆ.

ಮೊನ್ನೆ ಗುಲಾಬಕ್ಕನ ಅರ್ಜಿ ಬರೆದು ಮುಗಿಸಿ, ಪೂರ್ತಿ ಓದಿ ಹೇಳಿದೆ. ಹೆಬ್ಬೆಟ್ಟಿನವರು ಯಾರೇ ಬಂದರೂ ನಾನು ಓದಿ ಹೇಳದೆ ಪ್ಯಾಡ್ ಮುಂದಿಡುವುದಿಲ್ಲ. ಹೆಚ್ಚಿನವರು ಅರ್ಧಕ್ಕೇ "ಸಾಕು ಸಾಕು, ನೀವು ಬರೆದ್ರೆ ಆಯ್ತು" ಅನ್ನುತ್ತಾರೆ. ಗುಲಾಬಕ್ಕ ಕೊನೆಯ ಸಾಲಿನ ತನಕ ಕೇಳಿದರು.

"ಇಷ್ಟೇಯಾ?"

"ಇಷ್ಟೇ ಗುಲಾಬಕ್ಕ."

"ಬೇರೆಂತ ಬರ್ದಿಲ್ವಲ್ಲ?"

"ಇಲ್ಲ. ದೇವರಾಣೆ."

ಹೆಬ್ಬೆಟ್ಟನ್ನು ಪ್ಯಾಡಿಗೆ ಒತ್ತಿ ಎತ್ತಿದರು. ಕಾಗದದ ಮೇಲೆ ಇಡಲಿಲ್ಲ. ಇನ್ನೊಂದು ಕೈಯಲ್ಲಿ ಅರ್ಜಿಯನ್ನು ತಗೊಂಡು, ಸೆರಗಿನೊಳಗೆ ಇಟ್ಟುಕೊಂಡು, ಶಾಯಿ ಹತ್ತಿದ ಬೆರಳನ್ನು ಯಾವುದಕ್ಕೂ ತಾಗದ ಹಾಗೆ ಮೇಲೆ ಹಿಡಿದುಕೊಂಡು, ಛತ್ರಿಯನ್ನೂ ಬಿಡಿಸದೆ ರಸ್ತೆ ದಾಟಿ ನಾಡಕಚೇರಿಗೆ ನಡೆದರು. ನಾನು ಹಿಂದೆ ಹೋದೆ. ಕೌಂಟರಿನಲ್ಲಿ ಹೊಸದಾಗಿ ಬಂದ ಕ್ಲರ್ಕ್ ಹುಡುಗಿ ಕೂತಿದ್ದಳು.

"ಮಗಾ, ಇದನ್ನೊಂದು ಸಲ ಓದಿ ಹೇಳು," ಅಂದರು ಗುಲಾಬಕ್ಕ. "ಅವರು ಓದಿದ್ದಾರೆ. ನೀನೂ ಓದು."

ಹುಡುಗಿ ಓದಿದಳು. ನನ್ನದೇ ಅಕ್ಷರ, ನಾನು ಓದಿದ್ದೇ ಮಾತು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ. ಆದರೂ ನಾನು ಕಿವಿಗೊಟ್ಟು ನಿಂತಿದ್ದೆ, ಅವಳ ಬಾಯಿಂದ ನಾನು ಬರೆಯದ ಏನೋ ಒಂದು ಈಗ ಹೊರಗೆ ಬಂದೇ ಬರುತ್ತದೆ ಅಂತ. ಓದಿ ಮುಗಿಯಿತು. ಗುಲಾಬಕ್ಕ ತಲೆಯಾಡಿಸಿ, ಅಲ್ಲೇ ಬಾಗಿ ಹೆಬ್ಬೆಟ್ಟು ಒತ್ತಿದರು. ಅಷ್ಟರಲ್ಲಿ ಶಾಯಿ ಅರ್ಧ ಒಣಗಿ ಗುರುತು ತೆಳುವಾಗಿ ಬಿತ್ತು.

"ಸಾಕ್ಷಿ ಯಾರು ಅಜ್ಜಿ?" ಕೇಳಿದಳು ಹುಡುಗಿ.

ಗುಲಾಬಕ್ಕ ನನ್ನ ಕಡೆ ತಿರುಗಲಿಲ್ಲ. ಬೆರಳನ್ನು ತಲೆಕೂದಲಿಗೆ ಒರೆಸಿಕೊಳ್ಳುತ್ತಾ ಹೇಳಿದರು: "ಇವರೇ. ಇವರಿಗೆ ಎಲ್ಲ ಗೊತ್ತುಂಟು."